ಏಳನೆಯ ಕಿಂಡಿಯ ವಿದ್ಯಾರ್ಥಿ

ನಮ್ಮ ಹಾಲಿನ ಗೋಡೆಗೆ ಒಂದು ಮರದ ಹಲಗೆಯಿದೆ. ನಾನು ನಿವೃತ್ತನಾದ ದಿನ ಶಾಲೆಯವರು ಕೊಟ್ಟ ಗಡಿಯಾರ, ಎರಡು ಸಂಪುಟಗಳ ನಿಘಂಟು, ಕಡೆಯ ತರಗತಿಯ ಮಕ್ಕಳೊಂದಿಗೆ ತೆಗೆಸಿದ ಫೋಟೋ, ಈ ಮೂರೂ ಆ ಹಲಗೆಯ ಮೇಲೆ ಹನ್ನೊಂದು ವರ್ಷ ಸುಖವಾಗಿದ್ದವು. ಎರಡು ತಿಂಗಳ ಹಿಂದೆ ಅವಕ್ಕೆ ಎತ್ತಂಗಡಿಯಾಯಿತು. ಗಡಿಯಾರ ಅಡುಗೆಮನೆಗೆ ಹೋಯಿತು. ಫೋಟೋ ಕಪಾಟಿನ ತಲೆಯನ್ನೇರಿತು. ನಿಘಂಟು ನನ್ನ ಮಂಚದ ಕಾಲ ಬಳಿ ನೆಲ ಹಿಡಿಯಿತು. ಇಷ್ಟೆಲ್ಲ ಯಾರಿಗಾಗಿ? ಒಂದು ತಗಡಿನ ಡಬ್ಬಕ್ಕಾಗಿ! (ಹಾಗೆ ಕರೆದುದಕ್ಕೆ ಈಗ ನನಗೆ ಪಶ್ಚಾತ್ತಾಪವಿದೆ. ಆದರೆ ಅಂದಿನ ನನ್ನ ಅಭಿಪ್ರಾಯವನ್ನು ಮರೆಮಾಚುವುದು ತರವಲ್ಲ.)

ಡಬ್ಬವನ್ನು ತಂದವಳು ನನ್ನ ಸೊಸೆ. ಕಚೇರಿ, ಆಸ್ಪತ್ರೆಗಳಲ್ಲಿ ತಂತಿ ಎಳೆದು ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತನಾಡುವಂತೆ ಮಾಡುವುದು ಅವಳ ಉದ್ಯೋಗ. ಯಾವುದೋ ಹಳೆಯ ಕಚೇರಿಯಲ್ಲಿ ತೆಗೆದುಹಾಕಿದ್ದನ್ನು ಕೇಳಿ ಪಡೆದು, ಸ್ಕೂಟರಿನ ಮುಂದೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ಬಂದಳು. (ಮಗನೂ ಇದ್ದಾನೆ. ಬೇಕರಿಯ ಒಲೆಯ ಮುಂದೆ ಅವನ ಕೆಲಸ. ಬೆಳಗಾಗುವ ಮೊದಲೇ ಹೋಗಿ ಮಧ್ಯಾಹ್ನ ಬರುವವನಾದ್ದರಿಂದ ಈ ಕಥೆಯಲ್ಲಿ ಅವನಿಗೆ ಪಾತ್ರವಿಲ್ಲ. ಪುಣ್ಯವಂತ.)

ಡಬ್ಬ ಬಂದದ್ದು ನನ್ನಾಕೆಗಾಗಿ. ನನ್ನಾಕೆ ರಫು ಮಾಡುವುದರಲ್ಲಿ ಎತ್ತಿದ ಕೈ. ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ, ಹರಿದಿತ್ತೆಂಬ ಸುಳಿವೂ ಉಳಿಯದಂತೆ ನೇಯ್ದುಬಿಡುತ್ತಾಳೆ. ಮೂವತ್ತಾರು ವರ್ಷ ನಾನು ವ್ಯಾಕರಣ ಹೇಳಿದ್ದು ಅವಳು ರಫು ಮಾಡಿದ ಅಂಗಿ ಕೋಟುಗಳಲ್ಲಿ. ಕರಿಹಲಗೆಯ ಕಡೆಗೆ ತಿರುಗಿದಾಗ ಐವತ್ತು ಜೊತೆ ತುಂಟ ಕಣ್ಣುಗಳು ನನ್ನ ಬೆನ್ನನ್ನೇ ನೋಡುತ್ತಿದ್ದವು. ಒಂದು ಜೊತೆಗೂ ತೇಪೆ ಕಾಣಿಸಲಿಲ್ಲ. ಇದಕ್ಕಾಗಿ ನಾನು ಅವಳಿಗೆ ಎಂದಾದರೂ ಕೃತಜ್ಞತೆ ಹೇಳಿದ್ದೇನೆಯೇ ಎಂದು ದಯವಿಟ್ಟು ಕೇಳಬೇಡಿ. ಹೇಳಬೇಕೆಂದುಕೊಂಡದ್ದುಂಟು.

ಅತ್ತೆಯ ಕೈಚಳಕವನ್ನು ನಾಲ್ಕು ಜನ ಕಲಿಯಲಿ ಎಂದು ಸೊಸೆ ಕಂಪ್ಯೂಟರಿನಲ್ಲೇ ಒಂದು ಶನಿವಾರದ ತರಗತಿ ಗೊತ್ತುಮಾಡಿದಳು. ನಾಲ್ಕು ಜನರೆಂದುಕೊಂಡರೆ ನಲವತ್ತೊಂದು ಜನ ಹೆಸರು ಕೊಟ್ಟರು! ಹುಟ್ಟಿದಾರಭ್ಯ ನನ್ನಾಕೆ ಒಂದು ತರಗತಿಯ ಮುಂದೆ ನಿಂತವಳಲ್ಲ. ಮಂಚದ ಮೇಲೆ ಐದು ದಿಂಬುಗಳನ್ನು ಸಾಲಾಗಿ ಕೂರಿಸಿ ಮೂರು ದಿನ ಅವಕ್ಕೆ ಪಾಠ ಹೇಳಿ ಅಭ್ಯಾಸ ಮಾಡಿದಳು.

"ಇದೊಂದು ಕೆಟ್ಟರೆ ಇನ್ನೊಂದು ಸಲ ನಾನು ಕೂರಲ್ಲ. ಈಗಲೇ ಹೇಳಿಬಿಟ್ಟಿದೀನಿ" ಎಂದಳು.

"ಯಾಕತ್ತೆ ಕೆಡತ್ತೆ? ನಾನಿದೀನಲ್ಲ" ಎಂದಳು ಸೊಸೆ.

"ನಾನೂ ಇದ್ದೇನಲ್ಲ" ಎಂದೆ ನಾನು.

"ಅದಕ್ಕೇ ಭಯ" ಎಂದಳು ನನ್ನಾಕೆ.

ಅವಳ ಹೊಲಿಗೆಯ ಕೋಣೆ ಮನೆಯ ಹಿಂಭಾಗದಲ್ಲಿದೆ. ಗೋಡೆಗಳು ಎಷ್ಟು ದಪ್ಪವೆಂದರೆ ಗಾಳಿಯಲ್ಲಿ ಬರುವ ಇಂಟರ್‌ನೆಟ್ಟು ಅಲ್ಲಿಗೆ ತಲುಪುವಷ್ಟರಲ್ಲಿ ಏದುಸಿರು ಬಿಡುತ್ತದೆ. ಆದ್ದರಿಂದ ಸೊಸೆ ಎಲ್ಲ ಕೋಣೆಗಳಿಗೂ ತಂತಿ ಎಳೆದು, ಎಲ್ಲವನ್ನೂ ಹಾಲಿನ ಹಲಗೆಯ ಮೇಲಿನ ಡಬ್ಬಕ್ಕೆ ತಂದು ಸೇರಿಸಿದಳು. ನಾನು ಕನ್ನಡಕ ಏರಿಸಿಕೊಂಡು ಪರಿಶೀಲನೆಗೆ ನಿಂತೆ.

"ಇದರ ಹೆಸರೇನಮ್ಮ?"

"ಸ್ವಿಚ್ಚು ಮಾವ. ಮ್ಯಾನೇಜ್ಡ್ ಸ್ವಿಚ್ಚು."

ಮುಂದೆ ನೋಡಿದೆ, ಹಿಂದೆ ನೋಡಿದೆ, ಬಗ್ಗಿ ಅಡಿಯಲ್ಲೂ ನೋಡಿದೆ. "ಒತ್ತುವುದಕ್ಕೆ ಏನೂ ಇಲ್ಲವಲ್ಲ!"

"ಇದಕ್ಕೆ ಆನ್ ಆಫ್ ಅಂತಿಲ್ಲ ಮಾವ. ಗೋಡೆಗೆ ಸಿಕ್ಕಿಸಿದರೆ ಎದ್ದಿರತ್ತೆ, ಕಿತ್ತರೆ ಮಲಗತ್ತೆ."

"ನಿಮ್ಮ ಮಾವನ ಥರ ಅಲ್ಲ ಬಿಡು" ಎಂದಳು ನನ್ನಾಕೆ. "ಅವರು ಎದ್ದಿದ್ರೂ ಮಲಗಿರ್ತಾರೆ."

ಡಬ್ಬದ ಮುಖದ ಮೇಲೆ ಚೌಕಾಕಾರದ ಇಪ್ಪತ್ತನಾಲ್ಕು ಕಿಂಡಿಗಳು. ಪೋರ್ಟ್ ಎನ್ನಬೇಕಂತೆ. ಕಿಂಡಿ ಎಂಬ ಒಳ್ಳೆಯ ಮಾತು ಇರುವಾಗ ನಾನು ಹಾಗೇಕೆ ಅನ್ನಲಿ? ಮೇಲೆ ಹನ್ನೆರಡು, ಕೆಳಗೆ ಹನ್ನೆರಡು. ಬೆಸ ಸಂಖ್ಯೆಗಳು ಮೇಲಿನ ಸಾಲಿನಲ್ಲಿ, ಸಮ ಸಂಖ್ಯೆಗಳು ಕೆಳಗಿನ ಸಾಲಿನಲ್ಲಿ. ನಾನು ಮಕ್ಕಳನ್ನು ಕೂರಿಸುತ್ತಿದ್ದುದೂ ಹಾಗೆಯೇ! ಡಬ್ಬದ ಮೇಲೆ ನನಗೆ ಮೊದಲ ಬಾರಿಗೆ ಗೌರವ ಹುಟ್ಟಿತು.

"ಒಂದೊಂದು ಪೋರ್ಟಿಗೂ ಎರಡೆರಡು ದೀಪ ಮಾವ. ತಂತಿಯ ಆ ತುದೀಲಿ ಯಾರಾದ್ರೂ ಇದ್ರೆ ಒಂದು ಹತ್ತಿಕೊಂಡಿರತ್ತೆ. ಮಾತು ನಡೀತಿದ್ರೆ ಇನ್ನೊಂದು ಮಿನುಗತ್ತೆ. ಹಸಿರು ಅಂದ್ರೆ ಚುರುಕು. ಹಳದಿ ಅಂದ್ರೆ ನಿಧಾನ. ನಮ್ಮ ಹಳೇ ಪ್ರಿಂಟರಿಗೆ ಹಳದಿ."

"ನಿಧಾನವಾದರೇನು, ಪಾಠ ತಲುಪುತ್ತದಲ್ಲ" ಎಂದೆ. ಹಿಂದಿನ ಬೆಂಚಿನ ಮಕ್ಕಳ ಮೇಲೆ ನನಗೆ ಮೊದಲಿನಿಂದಲೂ ಮಮತೆ.

ಬಲತುದಿಯಲ್ಲಿ ಬೇರೆ ಆಕಾರದ ನಾಲ್ಕು ಗೂಡುಗಳಿದ್ದವು. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕನ್ನೇ ಓಡಿಸುವವರಿಗಾಗಿ ಅವು. ನಮ್ಮ ಮನೆಯಲ್ಲಿ ಅಷ್ಟು ಮೇಧಾವಿಗಳು ಯಾರೂ ಇಲ್ಲದ್ದರಿಂದ ಖಾಲಿ. ಅತ್ತೆಯ ಮೇಜಿನ ಮೇಲೆ ತೂಗುಬಿಟ್ಟ ಕ್ಯಾಮೆರಾಕ್ಕೆ ಬೇರೆ ಪ್ಲಗ್ಗು ಬೇಕಿಲ್ಲ, ಸುದ್ದಿ ಹೋಗುವ ತಂತಿಯಲ್ಲೇ ಕರೆಂಟೂ ಹೋಗುತ್ತದೆ ಎಂದಳು ಸೊಸೆ. ಪಾಠವೂ ಊಟವೂ ಒಂದೇ ದಾರಿಯಲ್ಲಿ! ಎಡತುದಿಯಲ್ಲಿ ಒಂಟಿಯಾಗಿ ಒಂದು ಕಿಂಡಿಯಿತ್ತು. ನೋಡಲು ಉಳಿದವುಗಳಂತೆಯೇ.

"ಅದು ಕನ್ಸೋಲ್. ಮಿಕ್ಕಿದ್ದೆಲ್ಲ ಕೆಟ್ಟು ಕೂತರೂ ಇದರಲ್ಲಿ ನೇರವಾಗಿ ಸ್ವಿಚ್ಚಿನ ಜೊತೆ ಮಾತಾಡಬಹುದು."

"ಹೆಡ್‌ಮಾಸ್ಟರ ಕೋಣೆಯ ಬಾಗಿಲು ಅನ್ನು. ಅದು ಸರಿ, ಮ್ಯಾನೇಜ್ಡ್ ಅಂದರೇನು?"

"ಸಾದಾ ಸ್ವಿಚ್ಚು ಬಂದಿದ್ದನ್ನ ಅತ್ತ ತಳ್ಳತ್ತೆ, ಅಷ್ಟೆ. ಇದಕ್ಕೆ ಬುದ್ಧಿ ಹೇಳಬಹುದು. ಯಾರು ಯಾರ ಜೊತೆ ಮಾತಾಡಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲಾ. ಏನೇ ನಡೆದರೂ ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳತ್ತೆ, ಕರೆಂಟು ಹೋದರೂ ಅಳಿಯಲ್ಲ."

ಈಗ ಅರ್ಥವಾಯಿತು. ಮೇಷ್ಟ್ರು ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆದಿಡುವವನು ಯಾರು? ಕ್ಲಾಸ್ ಲೀಡರ್! ಅಂದಿನಿಂದ ಡಬ್ಬಕ್ಕೆ ನಾನಿಟ್ಟ ಹೆಸರು ಲೀಡರ್.

"ಹಳೇ ಆಫೀಸಿನ ಸೆಟ್ಟಿಂಗೆಲ್ಲ ಅಳಿಸಿದೀನಿ" ಎಂದಳು ಸೊಸೆ. "ಗಂಟೆ ಒಂದು ಸರಿಮಾಡಿದೀನಿ. ಕಾವಲು ಗೀವಲು ಎಲ್ಲ ಇನ್ನೂ ಹಾಕಬೇಕು, ಭಾನುವಾರ ಕೂತು ಮಾಡ್ತೀನಿ. ಅಲ್ಲೀತನಕ ಯಾರೂ ಕೈ ಹಚ್ಚಬೇಡಿ."

'ಯಾರೂ' ಎನ್ನುವಾಗ ನನ್ನೊಬ್ಬನನ್ನೇ ಏಕೆ ನೋಡಿದಳೋ ತಿಳಿಯದು.

ಇಲ್ಲಿ ನನ್ನ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ಜೋತಾಡುವ ತುದಿಯನ್ನು ಕಂಡರೆ ನನಗೆ ಸಹಿಸದು. ಪರದೆಯ ಹಗ್ಗ, ಚೀಲದ ದಾರ, ಏಪ್ರನ್ನಿನ ಪಟ್ಟಿ, ಯಾವುದೇ ಇರಲಿ, ಎತ್ತಿ ಎಲ್ಲಾದರೂ ಸಿಕ್ಕಿಸಿದರೇ ಸಮಾಧಾನ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಬಿಚ್ಚಿದ ಲೇಸು ಕಂಡರೆ, ಸಾಲಿನ ನಡುವೆ ಮಂಡಿಯೂರಿ ಕೂತು ನಾನೇ ಕಟ್ಟುತ್ತಿದ್ದೆ. ಹೀಗಿರುವಾಗ ಸೊಸೆ, ಹಾಲಿನ ಟೀವಿಗೆಂದು ಏಳನೆಯ ಕಿಂಡಿಗೆ ಒಂದು ಬಿಳಿಯ ತಂತಿಯನ್ನು ಸಿಕ್ಕಿಸಿ, "ಇದೂ ಭಾನುವಾರಕ್ಕೆ" ಎಂದು ಇನ್ನೊಂದು ತುದಿಯನ್ನು ಗಾಳಿಗೆ ಬಿಟ್ಟಿದ್ದಳು! ಫ್ಯಾನು ಹಾಕಿದಾಗಲೆಲ್ಲ ಅದು ತೂಗಾಡುತ್ತಿತ್ತು. ನಾಲ್ಕು ದಿನ ನಾನು ಋಷಿಯಂತೆ ತಡೆದುಕೊಂಡೆ.

ಶನಿವಾರ ಬಂತು. ತರಗತಿ ಹನ್ನೊಂದಕ್ಕೆ. ಸೊಸೆ ಎರಡು ಬೀದಿಯಾಚೆ ಒಂದು ಆಸ್ಪತ್ರೆಯಲ್ಲಿ ಕೆಲಸದ ಮೇಲಿದ್ದಳು. ನನ್ನಾಕೆ ಹಿಂದಿನ ಕೋಣೆಯಲ್ಲಿ ಸೂಜಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತ ಕುಳಿತಿದ್ದಳು. ಹಾಲಿನಲ್ಲಿ ನಾನು, ಕಾಫಿ ಲೋಟ, ತೂಗಾಡುವ ತಂತಿ, ಮೂವರೇ. ಆಗ ನನಗೊಂದು ದಿವ್ಯವಾದ ಆಲೋಚನೆ ಬಂತು. ಹದಿನೇಳು ಕಿಂಡಿಗಳು ಖಾಲಿ ಬಿದ್ದಿವೆ. ಈ ಬಡಪಾಯಿ ತುದಿಯೊಂದಕ್ಕೆ ಅಲ್ಲಿ ಜಾಗವಿಲ್ಲವೇ?

ಕೈಗೆ ಅನುಕೂಲವಾಗಿದ್ದ ಒಂದು ಕಿಂಡಿಗೆ ಒತ್ತಿದೆ. (ಅದು ಹತ್ತೊಂಬತ್ತನೆಯದೆಂದು ತಿಳಿದದ್ದು ಆಮೇಲೆ.) 'ಟಕ್' ಎಂದು ಕೂತಿತು. ಆಹಾ! ಆ ಸದ್ದಿನಲ್ಲಿ ಎಂಥ ತೃಪ್ತಿ! ಅಷ್ಟಕ್ಕೇ ನಿಲ್ಲಿಸದೆ, ಎಲ್ಲ ತಂತಿಗಳನ್ನೂ ಒಟ್ಟುಗೂಡಿಸಿ, ನನ್ನಾಕೆಯ ಹೊಲಿಗೆಯ ಡಬ್ಬಿಯ ನೀಲಿ ರಿಬ್ಬನ್ನಿನಿಂದ ಹೆಣ್ಣುಮಕ್ಕಳ ಜಡೆಯಂತೆ ಸುತ್ತಿ ಬಿಗಿಯಾಗಿ ಮೂರು ಗಂಟು ಹಾಕಿದೆ.

ಮರುಕ್ಷಣವೇ ಒಂದು ಪವಾಡ ನಡೆಯಿತು. ಅಷ್ಟು ಹೊತ್ತು ಸೋಮಾರಿಗಳಂತೆ ಆಗೊಮ್ಮೆ ಈಗೊಮ್ಮೆ ಕಣ್ಣು ಮಿಟುಕಿಸುತ್ತಿದ್ದ ದೀಪಗಳೆಲ್ಲ ಒಮ್ಮೆಲೇ ಪಟಪಟನೆ ಮಿನುಗತೊಡಗಿದವು. ಮಂದಗತಿಯ ಪ್ರಿಂಟರ್ ಕೂಡ! ಇನ್‌ಸ್ಪೆಕ್ಟರು ಬಂದ ದಿನ ಇಡೀ ತರಗತಿ ಏಕಕಂಠದಿಂದ ಓದುವಂತಿತ್ತು ಆ ನೋಟ. ಮೇಷ್ಟ್ರ ಕೈ ತಗಲಿದರೆ ಸಾಕು, ತಗಡೂ ವಿದ್ಯಾವಂತವಾಗುತ್ತದೆ ಎಂದು ಬೀಗಿ ಕಾಫಿಯ ಕಡೆಯ ಗುಟುಕು ಕುಡಿದೆ.

"ರೀ! ಎಲ್ಲಾ ನಿಂತೋಯ್ತು!"

ಹಿಂದಿನ ಕೋಣೆಯಿಂದ ಬಂದ ಆ ಕೂಗಿಗೆ ಲೋಟ ಕೈಜಾರಬೇಕಿತ್ತು. ಓಡಿದೆ. ಪರದೆಯ ಮೇಲೆ ಒಬ್ಬಾಕೆ ಬಾಯಿ ತೆರೆದವಳು ತೆರೆದಂತೆಯೇ ನಿಂತಿದ್ದಳು.

"ನೀನೇ ಏನೋ ಒತ್ತಿರಬೇಕು" ಎಂದೆ.

"ನಾನು ಸೂಜಿ ಬಿಟ್ಟು ಇನ್ನೇನೂ ಮುಟ್ಟಿಲ್ಲ. ಹನ್ನೆರಡು ಜನ ಆಗಲೇ ಬಂದಿದ್ರು ರೀ… ಮುಖ ತೋರಿಸಿ ನಗಾಡ್ತಿದ್ರು…" ಎಂದು ಪರದೆಯ ಕಡೆ ಕೈತೋರಿಸಿದಳು. "ನಾನು ಹೇಳಿರಲಿಲ್ವಾ, ಇದೆಲ್ಲ ನನಗೆ ಆಗೋದಲ್ಲ ಅಂತ."

ಸೊಸೆಗೆ ಫೋನು ಮಾಡಿದೆ.

"ಮಾವ, ಸ್ವಿಚ್ಚಿನ ಮುಂದೆ ನಿಂತ್ಕೊಳ್ಳಿ. ಯಾವ ದೀಪ ಮಿನುಗ್ತಿದೆ?"

"ಎಲ್ಲವೂ ಅಮ್ಮ. ಒಂದೇ ಸಮನೆ. ಒಬ್ಬರೂ ಸೋಮಾರಿಗಳಿಲ್ಲ."

"ಮಾವ, ನೀವೇನಾದ್ರೂ ಮುಟ್ಟಿದ್ರಾ?"

ಮೂವತ್ತಾರು ವರ್ಷ 'ಸತ್ಯವನ್ನೇ ನುಡಿ' ಎಂದು ಕಾಪಿ ಬರೆಸಿದ ಬಾಯಿ ನನ್ನದು. "ಇಲ್ಲವಮ್ಮ!" ಎಂದಿತು.

"ಹಾಗಾದ್ರೆ ಗೋಡೆಯಿಂದ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿ."

ಎಣಿಸಿದೆ, ಹಾಕಿದೆ. ಲೀಡರ್ ಎದ್ದ. ದೀಪಗಳೆಲ್ಲ ಒಮ್ಮೆ ಸಾಲಾಗಿ ಹೊತ್ತಿ, ಆರಿ, ಎರಡು ನಿಮಿಷ ಸಭ್ಯವಾಗಿದ್ದು, ಮತ್ತೆ ಅದೇ ಹುಚ್ಚು ಪಟಪಟ! "ನಾನೇ ಬರ್ತೀನಿ ಇರಿ" ಎಂದು ಸೊಸೆ ಫೋನಿಟ್ಟಳು. ಆಗ ನನಗೆ ಸಣ್ಣದೊಂದು ಅನುಮಾನ ಹುಟ್ಟಿತು. ಸೊಸೆ ಬರುವ ಮೊದಲೇ ಆ ಬಿಳಿಯ ತುದಿಯನ್ನು ಮೆಲ್ಲನೆ ಕಿತ್ತುಬಿಡೋಣವೆಂದು ಹೋದೆ. ಆದರೆ ಇದ್ದ ತಂತಿಗಳೆಲ್ಲ ಬಿಳಿ! ಯಾವುದು ಯಾವುದರ ತುದಿಯೆಂದು ನನ್ನ ಜಡೆಯೊಳಗೆ ಹುಡುಕುವವರಾರು? ಗಂಟು ಬಿಚ್ಚಲು ಹೋದರೆ ನಾನು ಹಾಕಿದ ಗಂಟು ನನಗೇ ಜಗ್ಗಲಿಲ್ಲ.

ಹನ್ನೊಂದು ಹೊಡೆಯಿತು. ನನ್ನಾಕೆ ದಾರ ಪೋಣಿಸಿದ ಸೂಜಿಯನ್ನು ಹಿಡಿದು ಖಾಲಿ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ಸೂಜಿಯ ತುದಿ ಸಣ್ಣಗೆ ಅದುರುತ್ತಿತ್ತು. ನಲವತ್ತೇಳು ವರ್ಷದಲ್ಲಿ ಆ ಸೂಜಿ ಅದುರಿದ್ದನ್ನು ನಾನು ಕಂಡಿರಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ. "ನೀರು ಬೇಕೇ?" ಎಂಬ ಮಾತು ಹೊರಬಂತು.

ಹೆಲ್ಮೆಟ್ಟು ತೆಗೆಯದೆಯೇ ಸೊಸೆ ಒಳಗೆ ಬಂದಳು. ಹಲಗೆಯ ಮುಂದೆ ನಿಂತಳು. ನೀಲಿ ರಿಬ್ಬನ್ನನ್ನು ನೋಡಿದಳು.

"ಮಾವ, ಇದನ್ನ ಕಟ್ಟಿದ್ದು ಯಾರು?"

"ಕಟ್ಟಿದ್ದು ನಾನೇ. ಆದರೆ ಮುಟ್ಟಲಿಲ್ಲ."

ಅವಳು ಚೀಲದಿಂದ ನೀಲಿಯ ಚಪ್ಪಟೆ ತಂತಿ ತೆಗೆದು ಎಡತುದಿಯ ಒಂಟಿ ಕಿಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತನ್ನ ಪುಟ್ಟ ಕಂಪ್ಯೂಟರಿಗೆ ಸೇರಿಸಿದಳು. ಹೆಡ್‌ಮಾಸ್ಟರ ಬಾಗಿಲು ತೆರೆಯಿತು! ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರಗಳು ಓಡಿದವು. ಅವಳ ಹೆಗಲ ಮೇಲಿಂದ ನಾನೂ ಇಣುಕಿದೆ. ಉಳಿದದ್ದು ತಿಳಿಯದಿದ್ದರೂ ಅಂಕಿಗಳು ತಿಳಿದವು. ಹತ್ತು ಗಂಟೆ ನಲವತ್ತೆರಡು ನಿಮಿಷ: ಏಳನೆಯ ಕಿಂಡಿ ಎದ್ದಿತು. ಅದೇ ನಿಮಿಷ: ಹತ್ತೊಂಬತ್ತನೆಯ ಕಿಂಡಿ ಎದ್ದಿತು. ನಾನು ಎಷ್ಟು ಲೀಡರುಗಳನ್ನು ತಯಾರುಮಾಡಿಲ್ಲ! ಇಷ್ಟು ನಿಷ್ಠುರವಾಗಿ ಚಾಡಿ ಬರೆದವನು ಒಬ್ಬನೂ ಇರಲಿಲ್ಲ.

ನನ್ನಾಕೆ ಬಾಗಿಲಿಗೆ ಬಂದು ನಿಂತಿದ್ದಳು. "ಏನಾಗಿತ್ತೇ?"

ಸೊಸೆ ತಿರುಗಿ ನನ್ನನ್ನು ನೋಡಿದಳು. ನಾನು ಫ್ಯಾನನ್ನು ನೋಡಿದೆ.

"ಏನಿಲ್ಲ ಅತ್ತೆ, ಹಳೇ ಡಬ್ಬ. ಸ್ವಲ್ಪ ತಲೆ ತಿರುಗಿತ್ತು, ಅಷ್ಟೆ" ಎಂದಳು. ಅತ್ತೆಯ ಕತ್ತರಿಯಿಂದ ನನ್ನ ಮೂರು ಗಂಟುಗಳನ್ನೂ ಕತ್ತರಿಸಿ, ಹತ್ತೊಂಬತ್ತನೆಯ ಕಿಂಡಿಯ ತುದಿಯನ್ನು ಕಿತ್ತಳು. ದೀಪಗಳು ಒಮ್ಮೆ ಉಸಿರೆಳೆದುಕೊಂಡು ಶಾಂತವಾದವು.

(ಆಮೇಲೆ ನನ್ನೊಬ್ಬನಿಗೇ ವಿವರಿಸಿದಳು. ಯಾರೋ ಒಬ್ಬರು "ಯಾರಿದ್ದೀರಿ?" ಎಂದು ಕೂಗುತ್ತಾರೆ. ಆ ಕೂಗು ಏಳನೆಯ ಕಿಂಡಿಯಿಂದ ಹೊರಟು ಹತ್ತೊಂಬತ್ತರಿಂದ ಒಳಬರುತ್ತದೆ. ಡಬ್ಬ ಅದನ್ನು ಹೊಸ ಕೂಗೆಂದು ತಿಳಿದು ಮತ್ತೆ ಎಲ್ಲರಿಗೂ ಸಾರುತ್ತದೆ. ಅದು ಮತ್ತೆ ಬರುತ್ತದೆ. ಕಡೆಗೆ ಯಾರ ಮಾತೂ ಯಾರಿಗೂ ಕೇಳಿಸದು. ನಾನು ಮೆಚ್ಚಿದ ಆ ಏಕಕಂಠದ ಓದು ಇದೇ.)

ತರಗತಿ ಹನ್ನೊಂದೂ ಹತ್ತೊಂಬತ್ತಕ್ಕೆ ಆರಂಭವಾಯಿತು. ಸೊಸೆ ಹೊರಡುವ ಮೊದಲೇ ಎಲ್ಲರಿಗೂ 'ಸ್ವಲ್ಪ ಕಾಯಿರಿ' ಎಂದು ಫೋನಿನಲ್ಲಿ ಬರೆದಿದ್ದಳಂತೆ. ನಲವತ್ತೊಂದರಲ್ಲಿ ಒಬ್ಬರೂ ಕದಲಿರಲಿಲ್ಲ. ಆ ಅಪರಿಚಿತ ಪುಣ್ಯಾತ್ಮರಿಗೆ ನಾನು ಬಾಗಿಲ ಹಿಂದಿನಿಂದಲೇ ಕೈಮುಗಿದೆ. ಪಾಠ ಮುಗಿದ ಕೂಡಲೇ ತಪ್ಪೊಪ್ಪಿಗೆ ಮಾಡಬೇಕೆಂದು ನಿಶ್ಚಯಿಸಿ, 'ಧರ್ಮಪತ್ನಿಯೇ, ಪ್ರಮಾದವಶಾತ್' ಎಂದು ಒಂದು ಗಂಭೀರವಾದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದೆ. ಕ್ರಿಯಾಪದ ಇನ್ನೂ ಬಂದಿರಲಿಲ್ಲ.

"ಎಲ್ಲರನ್ನೂ ಕಾಯಿಸಿಬಿಟ್ಟೆ, ಬೇಜಾರು ಮಾಡ್ಕೋಬೇಡಿ" ಎಂದಳು ನನ್ನಾಕೆ, ಇನ್ನೂ ಅಳುಕುತ್ತಲೇ. "ಮೊದಲನೇ ಪಾಠ ಇದು. ಒಂದೇ ದಾರದ ಎರಡೂ ತುದಿ ತಂದು ಒಂದೇ ಕಡೆ ಸಿಕ್ಕಿಸಬಾರದು. ಸಿಕ್ಕಿಸಿದ್ರೆ ಏನಾಗತ್ತೆ ಅಂತ ನಮ್ಮನೆಯವ್ರು ಈಗ ತಾನೇ ಹಾಲಿನಲ್ಲಿ ಮಾಡಿ ತೋರಿಸಿದ್ರು."

ಸೊಸೆ ಬೆಚ್ಚಿಬಿದ್ದಳು. "ಅತ್ತೆ! ನಿಮಗೆ ಹೇಗೆ ಗೊತ್ತಾಯ್ತು?"

"ಬೆಳಗ್ಗೆ ಗುಡಿಸುವಾಗ ಆ ತಂತಿ ತೂಗಾಡ್ತಿತ್ತು. ಇವರು ಹಾಲಿನಲ್ಲಿ ಕೂತಮೇಲೆ ತೂಗಾಡ್ತಿರಲಿಲ್ಲ. ಇದಕ್ಕೆ ಕನ್ಸೋಲ್ ಬೇಕೇನೇ?"

ಪರದೆಯಿಂದ ಒಂದು ಹೆಣ್ಣು ಧ್ವನಿ ಬಂತು. "ಮೇಡಂ, ನಿಮ್ಮನೆಯವ್ರು ವ್ಯಾಕರಣದ ಮೇಷ್ಟ್ರಾ? ಪ್ರೇಯರ್‌ನಲ್ಲಿ ಲೇಸು ಕಟ್ತಿದ್ರಲ್ಲ, ಅವರಾ?"

ನೋಡಿದರೆ, ಬಿಳಿಯ ಸಮವಸ್ತ್ರ ತೊಟ್ಟ, ನರೆತ ಕೂದಲಿನ ಒಬ್ಬ ನರ್ಸು. ಮುಖ ನೆನಪಾಗಲಿಲ್ಲ. ಅವರೇ ನೆನಪಿಸಿದರು.

"ನಾನು ಐದನೇ ಕ್ಲಾಸು. ಎರಡೂ ಲೇಸು ಬಿಚ್ಚಿಹೋಗಿತ್ತು. ಮೇಷ್ಟ್ರು ಕಣ್ಣುಮುಚ್ಚಿ ಪ್ರಾರ್ಥನೆ ಹೇಳ್ತಾನೇ ಬಗ್ಗಿ ಕಟ್ಟಿದ್ರು. ಎಡಗಾಲಿನ ಲೇಸಿಗೆ ಬಲಗಾಲಿನದು! ಪ್ರೇಯರ್ ಮುಗೀತು, ಒಂದು ಹೆಜ್ಜೆ ಇಟ್ಟೆ, ಇಡೀ ಸಾಲೇ ಮಗುಚಿಕೊಳ್ತು!"

ನಲವತ್ತೊಂದು ಕಿಟಕಿಗಳಲ್ಲಿ ನಲವತ್ತೊಂದು ನಗೆಗಳು. "ಆಮೇಲೆ ನನ್ನನ್ನ ಎತ್ಕೊಂಡು ಹೋಗಿ ಮಂಡಿಗೆ ಔಷಧಿ ಹಚ್ಚಿದ್ದೂ ಅವರೇ" ಎಂದು ಸೇರಿಸಿದರು ಆ ತಾಯಿ. ಅವರಿಗೆ ನನ್ನ ನಮಸ್ಕಾರಗಳು.

ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನಾಕೆ. ನಕ್ಕು ಕಣ್ಣೊರೆಸಿಕೊಂಡು ಸೂಜಿ ಎತ್ತಿಕೊಂಡಳು. ಅದು ಅದುರುತ್ತಿರಲಿಲ್ಲ. ಆಮೇಲೆ ಕಪಾಟಿನಿಂದ ನನ್ನ ಹಳೆಯ ಕಂದು ಕೋಟನ್ನು ತೆಗೆದು ಕ್ಯಾಮೆರಾದ ಕೆಳಗೆ ಹರಡಿದಳು.

"ಈ ಜೇಬಲ್ಲಿ ಸೀಮೆಸುಣ್ಣ ತುಂಬಿ ತುಂಬಿ ಅಂಗೈಯಗಲ ಹರಿದಿತ್ತು. ಎಲ್ಲಿ, ಹುಡುಕಿ ನೋಡೋಣ."

ನಲವತ್ತೊಂದು ಜನ ಕಣ್ಣರಳಿಸಿ ಹುಡುಕಿದರು. ಯಾರಿಗೂ ಸಿಗಲಿಲ್ಲ. ನನಗೂ ಸಿಗಲಿಲ್ಲ. ಆ ಕೋಟು ಹರಿದಿತ್ತೆಂಬುದೇ ನನಗೆ ತಿಳಿದದ್ದು ಅಂದು! ಆರು ವರ್ಷ ಅದನ್ನು ತೊಟ್ಟು ಬೀಗಿ ನಡೆದಿದ್ದೆ.

ತರಗತಿ ಮುಗಿದ ಮೇಲೆ ಅವಳ ಬಳಿ ಹೋದೆ. ಕಟ್ಟಿಟ್ಟಿದ್ದ ಗಂಭೀರ ವಾಕ್ಯ ಎತ್ತಲೋ ಹಾರಿಹೋಗಿತ್ತು. "ನಿನ್ನಿಂದ ತುಂಬ ಉಪಕಾರವಾಯಿತು" ಎಂದಷ್ಟೇ ಬಂತು.

"ಯಾವುದಕ್ಕೆ? ಮುಟ್ಟದೇ ಕಟ್ಟಿದ್ದಕ್ಕಾ?"

"ಕೋಟಿಗೆ. ಎಲ್ಲ ಕೋಟುಗಳಿಗೂ."

ಅವಳು ಸೂಜಿಗಳನ್ನು ಡಬ್ಬಿಗೆ ತುಂಬುತ್ತ, ನನ್ನ ಕಡೆ ತಿರುಗದೆಯೇ, "ಅದನ್ನ ಹೇಳೋಕೆ ಒಂದು ಸ್ವಿಚ್ಚು ಬೇಕಾಯ್ತು ನೋಡಿ" ಎಂದಳು. ಕಿವಿ ಮಾತ್ರ ಕೆಂಪಾಗಿತ್ತು.

ಭಾನುವಾರ ಸೊಸೆ ಕೂತು ಕಾವಲು ಹಾಕಿದಳು. ಇನ್ನು ಯಾರಾದರೂ ಎರಡು ತುದಿಗಳನ್ನೂ ಸಿಕ್ಕಿಸಿದರೆ ಡಬ್ಬ ತಾನೇ ಆ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಸಾಲದ್ದಕ್ಕೆ ಖಾಲಿ ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ಕಿನ ಮುಚ್ಚಳ ಒತ್ತಿದಳು. ಏಳನೆಯ ಕಿಂಡಿಯ ತಂತಿ ಕಡೆಗೂ ಹಾಲಿನ ಟೀವಿಗೆ ಹೋಯಿತು. ಅದರ ಮುಂದೆ ಒಂದು ಕುರ್ಚಿ, ಒಂದು ಹರಿದ ಟವೆಲು, ಒಂದು ಸೂಜಿ. ನಾನು ನಲವತ್ತೆರಡನೆಯ ವಿದ್ಯಾರ್ಥಿಯಾಗಿ ದಾಖಲಾದೆ. ದಾರ ಪೋಣಿಸುವುದಕ್ಕೇ ನನಗೆ ಎರಡು ಶನಿವಾರ ಹಿಡಿಯಿತು. ಶಿಕ್ಷಕಿ ಒಮ್ಮೆಯೂ ಗದರಲಿಲ್ಲ. "ನಿಧಾನವಾದ್ರೇನು, ತಲುಪತ್ತೆ" ಎಂದಳು.

ಮೂರನೆಯ ಶನಿವಾರ, ಬೆರಳಿಗೆ ಮೂರನೆಯ ಸಲ ಸೂಜಿ ಚುಚ್ಚಿದಾಗ, ಟೀವಿ ಆರಿಸಿ ಮೆಲ್ಲನೆ ಹೊರಗೆ ಹೋಗಿ ಜಗಲಿಯಲ್ಲಿ ಕೂತು ಒಂದು ಕಾಫಿ ಕುಡಿದು ಬಂದೆ. ಊಟಕ್ಕೆ ಕೂತಾಗ ನನ್ನಾಕೆ ಕೇಳಿದಳು.

"ಹನ್ನೊಂದು ಇಪ್ಪತ್ತರಿಂದ ಹನ್ನೊಂದು ನಲವತ್ತರವರೆಗೆ ಎಲ್ಲಿದ್ರಿ?"

"ಇಲ್ಲೇ ಇದ್ದೆನಲ್ಲ."

ಸೊಸೆ ತಟ್ಟೆಯಿಂದ ತಲೆಯೆತ್ತದೆ, "ಮಾವ…" ಎಂದು ಎಳೆದಳು. ಹಲಗೆಯ ಮೇಲೆ ಲೀಡರ್ ಹಸಿರು ಕಣ್ಣು ಮಿಟುಕಿಸುತ್ತಿದ್ದ. ಎಲ್ಲವನ್ನೂ ಬರೆದಿಟ್ಟಿದ್ದ, ದ್ರೋಹಿ!

ಮೂವತ್ತಾರು ವರ್ಷ ಹಾಜರಿ ಕರೆದವನಿಗೆ ನಿಯಮ ಗೊತ್ತಿಲ್ಲವೇ? ಒಳಗೆ ಹೋಗಿ, ಒಂದು ಹಾಳೆಯ ಮೇಲೆ, 'ಮಾನ್ಯ ಶಿಕ್ಷಕಿಯವರಲ್ಲಿ ಸವಿನಯ ವಿಜ್ಞಾಪನೆಗಳು' ಎಂದು ಆರಂಭಿಸಿ, ಒಂದು ಅಲ್ಪವಿರಾಮವೂ ತಪ್ಪದಂತೆ ರಜಾ ಚೀಟಿ ಬರೆದು ತಂದುಕೊಟ್ಟೆ. ನನ್ನಾಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅಕ್ಷರ ದುಂಡಾಗಿದೆ ಎಂದು ಮೆಚ್ಚಿದಳು. ಆಮೇಲೆ ಹಿಂದಕ್ಕೆ ಕೊಟ್ಟಳು.

"ಪೋಷಕರ ಸಹಿ ಇಲ್ಲ."

ಸೊಸೆ ಕೈ ತೊಳೆದು ಬಂದು ಸಹಿ ಹಾಕಿದಳು. ಅದರ ಕೆಳಗೆ ದಿನಾಂಕ ಬರೆದಳು. ಒಂದು ಕ್ಷಣ ಯೋಚಿಸಿ, ಅಡುಗೆಮನೆಯ ಗಡಿಯಾರ ನೋಡಿ, ಗಂಟೆಯನ್ನೂ ನಿಮಿಷವನ್ನೂ ಬರೆದಳು.